ಕಥೆ ಹೇಳುವಷ್ಟು ಉಸಿರು

ಅವತ್ತು ಹಾನಗಲ್ಲಿನ ದವಾಖಾನೆಯ ಆ ಸಣ್ಣ ಕೋಣೆಯಲ್ಲಿ ಇದ್ದವರು ಮೂರು ಮಂದಿ. ಮೇಜಿನ ಆಚೆ ಡಾಕ್ಟರಬಾಯಿ, ಈಚೆ ನಾನು, ನನ್ನ ಮಗ್ಗುಲಿನ ಸ್ಟೂಲಿನ ಮೇಲೆ ಔಷಧದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಹೆಂಡತಿ. ನನ್ನ ದಮ್ಮನ್ನೂ ಒಬ್ಬ ಮನುಷ್ಯನೆಂದು ಹಿಡಿದರೆ ನಾಲ್ಕು ಮಂದಿ. ಹಿಡಿಯಲೇಬೇಕು. ನಾನು ಬಾಯಿ ತೆರೆಯುವ ಮೊದಲೇ ಅದು ಎದೆಯೊಳಗಿಂದ ಸೀಟಿ ಹೊಡೆದು ತನ್ನ ಹಾಜರಿ ಹಾಕಿಬಿಡುತ್ತಿತ್ತು. ಸಂಕ್ರಾಂತಿ ಮುಗಿದು ಸ್ವಲ್ಪ ದಿನವಾಗಿತ್ತು. ಹೊರಗೆ ಬಾಕಿನ ಮೇಲೆ ಪಾಳಿ ಕಾಯುತ್ತಿದ್ದವರ ಕೆಮ್ಮು ಬಾಗಿಲ ಸಂದಿಯಿಂದ ಒಳಗೆ ಬರುತ್ತಿತ್ತು.

ನನ್ನ ದುಡಿಮೆಯ ಕಾಲವೆಲ್ಲ ಅಕ್ಕಿಆಲೂರಿನ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತಿಕೆ ಮಾಡುತ್ತ ಕಳೆಯಿತು. ಗಿರಣಿ ಎಂದರೆ ತೌಡಿನ ಧೂಳು. ಊಟದ ಡಬ್ಬಿ ತೆರೆದರೆ ಮೊಸರಿನ ಮೇಲೂ ತೆಳ್ಳಗೆ ಬಂದು ಕೂತಿರುತ್ತಿತ್ತು. ಕಣ್ಣ ರೆಪ್ಪೆಯ ಮೇಲಿನದು ಸಂಜೆ ತೊಳೆದರೆ ಹೋಗುತ್ತಿತ್ತು. ಎದೆಯೊಳಗೆ ಹೋದದ್ದು ಅಲ್ಲೇ ಮನೆ ಮಾಡಿಕೊಂಡಿತು. ಶ್ವಾಸನಾಳಗಳು ಕಿರಿದಾಗಿವೆ, ಇದು ವಾಸಿಯಾಗಿ ಹೋಗುವ ಬೇನೆಯಲ್ಲ, ಕೂಡಿ ಬಾಳುವ ಬೇನೆ ಎಂದು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಹಿಂದಿನ ಮಳೆಗಾಲದಲ್ಲೇ ಹೇಳಿದ್ದರು. ಬಾಯಿಗಿಟ್ಟು ಎಳೆದುಕೊಳ್ಳುವ ಪಂಪು ಕೊಟ್ಟಿದ್ದರು. ನಾನು ಪಂಪು ಎಳೆದುಕೊಂಡು ಪಡಸಾಲೆಯಲ್ಲಿ ಕೂತೆ. ಕೂತವನು ಕೂತೇ ಬಿಟ್ಟೆ.

"ಔಷಧ ಕೊಡೂದು ನನ್ನ ಕೆಲಸ ಕಾಕಾರ, ನಡಿಯೂದು ನಿಮ್ಮ ಕೆಲಸ," ಎಂದರು ಡಾಕ್ಟರಬಾಯಿ. ಚಿಕ್ಕ ವಯಸ್ಸಿನವರು. ನನ್ನ ಮಗನಿಗಿಂತ ಒಂದೆರಡು ವರ್ಷ ದೊಡ್ಡವರಿರಬೇಕು.

"ನಡದ್ರ ದಮ್ಮು ಬರತೈತ್ರಿ ಬಾಯಾರ. ಅದಕ್ಕಽ ಕುಂತೇನಿ."

"ಕುಂತದ್ದಕ್ಕಽ ಹೆಚ್ಚಾಗೇತಿ. ವರ್ಷಗಟ್ಟಲೆ ಹೂಡಲಾರದ ಎತ್ತು ಬಂಡಿ ಎಳೀತೈತೇನು? ಕೈಕಾಲಿಗೆ ಕಸುವು ಬಂದ್ರ ಇದ್ದಷ್ಟು ಉಸಿರಿನ್ಯಾಗ ಸಂಸಾರ ಸಾಗತೈತಿ."

"ಎಷ್ಟು ನಡೀಬೇಕ್ರಿ?"

"ಎಷ್ಟು ಅಂತ ನಾ ಹೇಳಂಗಿಲ್ಲ. ಒಂದಽ ಗುರುತು ಹೇಳ್ತೇನಿ. ನಡಕೋತ ಮಾತಾಡಾಕ ಬರಬೇಕು, ಹಾಡಾಕ ಬರಬಾರದು. ಮಾತು ತುಂಡಾತಂದ್ರ ನಿಲ್ರಿ. ಬಿಸಿ ಚಾ ಆರಿಸಿದಂಗ ತುಟಿ ಸಣ್ಣ ಮಾಡಿ ಉಸಿರು ಬಿಡ್ರಿ. ಇವತ್ತು ಸ್ವಲ್ಪ, ಎಂಟು ದಿನ ಬಿಟ್ಟು ಇನ್ನೂ ಸ್ವಲ್ಪ."

ನನ್ನ ಹೆಂಡತಿ ನಡುವೆ ಬಾಯಿ ಹಾಕಿದಳು. "ಮಾತು ನಿಲ್ಲೂತನಕ ನಡೀರಿ ಅಂದ್ರ ಕಷ್ಟ ಐತ್ರಿ ಬಾಯಾರ. ಇವರು ಹುಬ್ಬಳ್ಳಿ ದಾಟಿ ಹೋಗ್ತಾರ."

ಡಾಕ್ಟರಬಾಯಿ ನಕ್ಕರು. ನಕ್ಕು, ನಡೆಯಲು ಕಲಿತು ಎಲ್ಲಿಗೆ ಹೋಗಬೇಕೆಂದು ಮನಸ್ಸಿದೆ ಎಂದು ಕೇಳಿದರು. ಸುಮ್ಮನೆ ನಡೆಯಿರಿ ಅಂದರೆ ಯಾರೂ ನಡೆಯುವುದಿಲ್ಲ, ಒಂದು ಊರು ಇಟ್ಟುಕೊಳ್ಳಿ ಎಂದರು.

"ಸವಣೂರ್ರಿ," ಎಂದೆ. ಯೋಚಿಸಬೇಕಾಗಿಯೇ ಬರಲಿಲ್ಲ. "ಪಂಚಮಿಗೆ ತಂಗೀನ ಕರ್ಯಾಕ ಹೋಗಬೇಕು."

ನನಗೆ ಒಬ್ಬಳೇ ತಂಗಿ. ಸವಣೂರಿನ ಎಲೆಬಳ್ಳಿ ತೋಟದವರಿಗೆ, ಅಂದರೆ ವೀಳ್ಯದೆಲೆ ಬೆಳೆಯುವವರಿಗೆ ಕೊಟ್ಟಿದ್ದೇವೆ. ಮನೆ ತೋಟದೊಳಗೇ ಇದೆ. ರಸ್ತೆಯಲ್ಲಿ ಇಳಿದು ಕೆರೆಯ ಏರಿಯನ್ನು ಹತ್ತಬೇಕು, ಏರಿಯ ಮೇಲೆ ಒಂದಷ್ಟು ನಡೆಯಬೇಕು, ಇಳಿದು ತೋಟದ ಅಂಚಿನಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಹೋಗಬೇಕು. ಎಲೆಬಳ್ಳಿಯ ತೋಟವೆಂದರೆ ಅವರಿಗೆ ದೇವರ ಮನೆಯಿದ್ದ ಹಾಗೆ, ಮೆಟ್ಟಿ ಬರುವಂತಿಲ್ಲ. ಶ್ರಾವಣದ ಕೆಸರಿನಲ್ಲಿ ಆ ಏರಿಯ ಮೇಲೆ ಆಟೋ ಹತ್ತುವುದಿಲ್ಲ, ಮೋಟರ್‌ಸೈಕಲ್ಲು ಹತ್ತಿದರೂ ಕೆರೆಗೇ ಇಳಿಯುತ್ತದೆ. ಪ್ರತಿ ವರ್ಷ ನಾಗರ ಅಮಾವಾಸ್ಯೆ ಕಳೆದ ಕೂಡಲೇ ನಾನು ಹೋಗಿ ಅವಳನ್ನು ಕರೆದುಕೊಂಡು ಬರುತ್ತಿದ್ದೆ. ಮದುವೆಯಾದ ಮೊದಲ ವರ್ಷ ಕರೆಯಲು ಹೋದಾಗ ಅವಳು ಏರಿಯ ಮೇಲೆ ಓಡಿ ಮುಂದೆ ಹೋಗಿ, ತಿರುಗಿ ನಿಂತು, "ಏ ಅಣ್ಣಾ, ಕಾಲು ಕೊಟ್ಟು ಬಂದೀಯೇನು ಗಿರಣ್ಯಾಗ? ಲಗೂ ಬಾ!" ಎಂದು ಕೂಗಿದ್ದು ಇನ್ನೂ ಕಿವಿಯಲ್ಲಿದೆ.

ನಮ್ಮ ಅವ್ವ ತೀರಿಕೊಳ್ಳುವ ಮುಂಚೆ ತಂಗಿಯ ಕೈ ಹಿಡಿದು ಒಂದು ಮಾತು ಹೇಳಿದ್ದಳು. "ಕರೀದ ತವರಿಗೆ ಬರಬ್ಯಾಡ ಮಗಳ. ಅಣ್ಣ ತಾನ ಬಂದು ಕರದ್ರ ಬಾ. ಅಂವ ಕರ್ಯಾಕ ಬರೂತನಕ ನಿನಗ ತವರ ಐತಿ ಅಂತ ತಿಳಿ." ಆ ಮಾತನ್ನು ನನ್ನ ತಂಗಿ ಕಲ್ಲಿನಲ್ಲಿ ಕೆತ್ತಿದಂತೆ ಇಟ್ಟುಕೊಂಡಿದ್ದಳು. ನಾನು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದಾಗ ಓಡಿ ಬಂದಳು, ಕಾಲ ಬಳಿ ಕೂತು ಅತ್ತಳು, ಗಂಜಿ ಕುಡಿಸಿದಳು. ಅಲ್ಲಿಂದ ಸೀದಾ ಸವಣೂರಿನ ಬಸ್ಸು ಹತ್ತಿ ಹೋದಳು. ಆ ವರ್ಷ ಪಂಚಮಿಗೆ ನಾನು ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. ಮಗನನ್ನು ಕಳಿಸಿದೆ. ಅವನಿಗೆ ರೊಟ್ಟಿ, ಎಣ್ಣೆಗಾಯಿ ಬಡಿಸಿ, ಕೈಗೊಂದು ಕುರುಕಲು ಖಾರದ ಪೊಟ್ಟಣ ಕೊಟ್ಟು, ಬೆನ್ನು ಸವರಿ ವಾಪಸ್ಸು ಕಳಿಸಿದ್ದಳು. "ನಿಮ್ಮಪ್ಪ ಬರಲಿ, ಬರ್ತೇನಿ. ಈ ವರ್ಷ ಆಗಲಿಲ್ಲಂದ್ರ ಬರೂ ವರ್ಷ."

ಬರುವ ವರ್ಷವೂ ಆಗದಿದ್ದರೆ? ಆ ಪ್ರಶ್ನೆಯನ್ನು ಅವಳು ಕೇಳಿರಲಿಲ್ಲ. ನಾನು ಪಡಸಾಲೆಯಲ್ಲಿ ಕೂತು ದಿನವೂ ಅದನ್ನೇ ಕೇಳಿಕೊಳ್ಳುತ್ತಿದ್ದೆ. ಒಂದು ವರ್ಷ ತಪ್ಪಿದರೆ ಬೇನೆ ಎನ್ನಬಹುದು. ಎರಡು ವರ್ಷ ತಪ್ಪಿದರೆ ಅದೇ ರೂಢಿಯಾಗುತ್ತದೆ. ತವರು ಮುರಿಯುವುದು ಜಗಳದಿಂದಲೇ ಆಗಬೇಕೆಂದೇನಿಲ್ಲ.

ಹಾಗಾಗಿ ನಡಿಗೆ ಸುರುವಾಯಿತು, ಜೊತೆಗೆ ಹೆಂಡತಿ. ಮಾತಾಡುತ್ತ ನಡೆಯಬೇಕೆಂದರೆ ಏನು ಮಾತಾಡುವುದು? ಮನೆಯ ಮಾತು ತೆಗೆದರೆ ನಮ್ಮಿಬ್ಬರಿಗೂ ಓಣಿಯ ಹುಣಸೆಮರ ಬರುವುದರೊಳಗೆ ಜಗಳ. ಜಗಳವಾಡಿದರೆ ದಮ್ಮು ಬೇಗ ಬರುತ್ತದೆ. ಹೀಗಾಗಿ, ಅಜ್ಜಿಯ ಕಥೆ ಹೇಳುತ್ತೇನೆ, ನೀನು ಹೂಂ ಅನ್ನುತ್ತ ಬಾ ಎಂದೆ.

ಕಥೆಗೆ ಹೂಂ ಅನ್ನುವವರು ಬೇಕೇ ಬೇಕು. ಹೂಂ ಇಲ್ಲದ ಕಥೆ ಒಗ್ಗರಣೆಯಿಲ್ಲದ ಸಾರು ಎನ್ನುತ್ತಿದ್ದಳು ನಮ್ಮ ಅಜ್ಜಿ. ಸುಗ್ಗಿ ಮುಗಿದು ಪಡಸಾಲೆಯಲ್ಲಿ ಭತ್ತದ ಚೀಲ ಒಟ್ಟಿರುತ್ತಿದ್ದರು. ದೀಪ ಹಚ್ಚಿದ ಮೇಲೆ ಅಜ್ಜಿ ಆ ಚೀಲಗಳಿಗೆ ಬೆನ್ನು ಕೊಟ್ಟು, ಕಾಲು ಚಾಚಿ, ಹತ್ತಿಯ ಬತ್ತಿ ಹೊಸೆಯುತ್ತ ಕಥೆ ತೆಗೆಯುತ್ತಿದ್ದಳು. ನಾನು ನಡುನಡುವೆ ಪ್ರಶ್ನೆ ಕೇಳಿ ಬೈಸಿಕೊಳ್ಳುತ್ತಿದ್ದೆ. ಹೂಂ ಅನ್ನುವ ಕೆಲಸ ತಂಗಿಯದು. ಅವಳಿಗೆ ನಿದ್ದೆಯಲ್ಲೂ ಹೂಂ ಅನ್ನುವ ವಿದ್ಯೆ ಗೊತ್ತಿತ್ತು. ಅಜ್ಜಿ ಪರೀಕ್ಷೆ ಮಾಡಲೆಂದು, "ರಾಜಾ ಹೋಗಿ ಹಂಡೇದಾಗ ಕುಂತಾ" ಎಂದರೆ ಅದಕ್ಕೂ ಹೂಂ ಎನ್ನುತ್ತಿದ್ದಳು. ನನ್ನ ಮಾತುಗಾರಿಕೆ ಏನಿದೆಯೋ ಅದು ಆ ಚೀಲಗಳ ನಡುವೆ ಕಲಿತದ್ದು. ಶಾಲೆಯ ಮಾಸ್ತರರು ನನಗೆ ಅಕ್ಷರ ಕೊಟ್ಟರು, ಮಾತು ಅಜ್ಜಿಯದು.

ಹೆಂಡತಿ ಮೊದಲು ತಕರಾರು ತೆಗೆದಳು. ನಾವು ಹೊರಟದ್ದು ಹೊತ್ತು ಇನ್ನೂ ಮೇಲಿರುವಾಗ.

"ಹಗಲಾಗ ಕಥಿ ಹೇಳಬಾರದ್ರಿ. ಸ್ವಾದರಮಾವ ದಾರಿ ತಪ್ಪತಾನ ಅಂತಾರ."

"ನಮ್ಮ ಸ್ವಾದರಮಾವ ತೀರಿ ಯಾವ ಕಾಲ ಆತು. ಅವರು ಎಲ್ಲಿ ದಾರಿ ತಪ್ಪತಾರ?"

"ನಮ್ಮ ಹುಡುಗಗ ಇಲ್ಲೇನು ಸ್ವಾದರಮಾವ? ನಮ್ಮ ಅಣ್ಣ ಹಿರೇಕೆರೂರಿನ್ಯಾಗ ಸುಖವಾಗಿ ಅದಾನ. ಅಂವಗ ಯಾಕ ದಾರಿ ತಪ್ಪಸ್ತೀರಿ?"

ಆದರೂ ಕೇಳಿದಳು. ಮನೆಗೆ ಬಂದ ಮೇಲೆ ಅಡುಗೆಮನೆಯಿಂದ ಫೋನಿನ ಮಾತು ಕೇಳಿಸಿತು. "ಅಣ್ಣಾ, ಮನ್ಯಾಗಽ ಅದೀಯಿಲ್ಲೋ?... ಏನಿಲ್ಲ, ಸುಮ್ನ ಕೇಳಿದೆ." ಮೊದಲ ವಾರ ದಿನವೂ ಈ ವಿಚಾರಣೆ ನಡೆಯಿತು. ಕೊನೆಗೆ ಅವನೇ ಸಿಟ್ಟಿಗೆದ್ದು ನನಗೆ ಫೋನು ಮಾಡಿದ. "ಏನ್ರೀ, ನಮ್ಮ ತಂಗಿಗೆ ಏನಾಗೇತಿ? ದಿನಾ ನಾ ಎಲ್ಲಿ ಅದೇನಿ ಅಂತ ಕೇಳ್ತಾಳ. ನಮ್ಮ ಮನ್ಯಾಕಿನೂ ಇಷ್ಟು ಕೇಳಂಗಿಲ್ಲ!"

ನಾನು ಇದನ್ನು ಹೇಳಿ ನಕ್ಕರೆ ಹೆಂಡತಿ ನಗಲಿಲ್ಲ. "ನಗಬ್ಯಾಡ್ರಿ. ಸವಣೂರ ಹುಡುಗರಿಗೆ ಸ್ವಾದರಮಾವ ಯಾರು? ಹೋದ ವರ್ಷ ದಾರಿ ತಪ್ಪಿದವರು ನೀವಽ ಅಲ್ರೇನು?" ಎಂದಳು.

ಮೊದಲ ದಿನಗಳ ನಡಿಗೆಯನ್ನು ನಡಿಗೆ ಎನ್ನಲು ನಾಚಿಕೆಯಾಗುತ್ತದೆ. ಹೊಸ್ತಿಲಿನಿಂದ ಓಣಿಯ ಮೂಲೆಯ ಹುಣಸೆಮರ. ಕಥೆಯೊಳಗಿನ ರಾಜ ಹಾಸಿಗೆಯಲ್ಲಿ ಕಣ್ಣು ಬಿಡುವುದರೊಳಗೆ ನನ್ನ ಮಾತು ತುಂಡಾಗುತ್ತಿತ್ತು. ಮರಕ್ಕೆ ಕೈಯೂರಿ, ತುಟಿ ಸಣ್ಣ ಮಾಡಿ, ಇಲ್ಲದ ಚಹಾ ಆರಿಸುತ್ತ ನಿಲ್ಲುತ್ತಿದ್ದೆ. "ಪಾಪ ರಾಜಾ, ಇವತ್ತೂ ಮುಖಾ ತೊಳೀಲಿಲ್ಲ," ಎನ್ನುತ್ತಿದ್ದಳು ಹೆಂಡತಿ. ಹೋಳಿ ಹುಣ್ಣಿಮೆಯ ಹೊತ್ತಿಗೆ ರಾಜ ಎದ್ದು, ಮುಖ ತೊಳೆದು, ಕುದುರೆ ಹತ್ತಿದ. ಯುಗಾದಿಗೆ ನಾವು ಹಿಟ್ಟಿನ ಗಿರಣಿ ದಾಟಿದ್ದೆವು. ಹಪ್ಪಳ ಕಾಯುವ ಮುದುಕಿಯ ಕಥೆ, ಉಪ್ಪು ಹೊತ್ತ ಕತ್ತೆ ಮಳೆಯ ಜೊತೆ ಮಾತು ಬಿಟ್ಟ ಕಥೆ, ಇಂಥ ಸಣ್ಣವು ಒಂದು ನಡಿಗೆಗೆ ಒಂದರಂತೆ ಸರಿಯಾಗಿ ಕೂತವು.

ನಮ್ಮ ಊರಲ್ಲಿ ಕೆಲಸವಿಲ್ಲದೆ ನಡೆಯುವವರನ್ನು ಯಾರೂ ಕಂಡಿರಲಿಲ್ಲ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಹೋದ ಕೆಲಸ ಕೆಡುತ್ತದೆ. ಅದಕ್ಕೆ ಎಲ್ಲರೂ "ದೂರ ಹೊಂಟ್ರ್ಯಾ?" ಎಂದೇ ಕೇಳುತ್ತಾರೆ. ಆ ಪ್ರಶ್ನೆಗೆ ನಿಂತು ಉತ್ತರ ಕೊಡುವುದು ಮರ್ಯಾದೆ. ಹಾಗೆ ನಿಂತು ನಿಂತು ನನಗೆ ಸಾಕಷ್ಟು ವಿಶ್ರಾಂತಿ ಸಿಗುತ್ತಿತ್ತು. ಮೋಟರ್‌ಸೈಕಲ್ಲಿನವರು ಗಕ್ಕನೆ ನಿಲ್ಲಿಸಿ, "ಹತ್ರಿ ಗುಮಾಸ್ತರ, ಬಿಡ್ತೇನಿ," ಎನ್ನುತ್ತಿದ್ದರು. ಒಬ್ಬರಂತೂ ಬೇಡವೆಂದರೂ ಕೇಳದೆ ಕೈ ಹಿಡಿದು ಎಳೆದರು. ಆಗ ನನ್ನ ಹೆಂಡತಿ, "ಬಿಡ್ರಿ ಅವರನ್ನ. ನಾವು ಊರಿಗೆ ಹೊಂಟಿಲ್ಲ, ಕಥಿ ಮುಗಸಾಕ ಹೊಂಟೇವಿ," ಎಂದಳು. ಆವತ್ತಿನಿಂದ ಓಣಿಯಲ್ಲಿ ಪ್ರಶ್ನೆ ಬದಲಾಯಿತು. "ಇವತ್ತು ಯಾವ ಕಥಿರಿ?"

ವೈಶಾಖದಲ್ಲಿ ನಾನು ಏಳು ಅಣ್ಣಂದಿರ ಕಥೆ ತೆಗೆದೆ. ತೆಗೆಯಬಾರದಿತ್ತು. ಆದರೆ ಕಾಲಲ್ಲಿ ಕಸುವು ಬಂದಿತ್ತು, ಮನಸ್ಸು ಸವಣೂರಿನ ಕಡೆಗಿತ್ತು. ಅಜ್ಜಿಯ ಕಥೆಗಳಲ್ಲೆಲ್ಲ ಅದೇ ಉದ್ದದ್ದು. ಏಳು ಮಂದಿ ಅಣ್ಣಂದಿರಿಗೆ ಒಬ್ಬಳೇ ತಂಗಿ. ಪಂಚಮಿಗೆ ಅವಳಿಗೆ ಜೋಕಾಲಿ ಕಟ್ಟಬೇಕು. ಒಬ್ಬ ಹಗ್ಗ ತರಲು ಹೋಗುತ್ತಾನೆ, ಒಬ್ಬ ಹಲಗೆ ತರಲು, ಒಬ್ಬ ಬಗ್ಗದ ಟೊಂಗೆ ಹುಡುಕಲು. ಪ್ರತಿಯೊಬ್ಬನೂ ಅದೇ ಕಾಡು ದಾಟಬೇಕು, ಅದೇ ಹಳ್ಳ ಹಾಯಬೇಕು, ಅದೇ ಮುದುಕಿಯ ಅದೇ ಪ್ರಶ್ನೆಗೆ ಉತ್ತರ ಹೇಳಬೇಕು. ಒಂದೂ ಬಿಡುವಂತಿಲ್ಲ. ಬಿಟ್ಟರೆ ಅಜ್ಜಿಗೆ ಸಿಟ್ಟು ಬರುತ್ತಿತ್ತು. ಅದಕ್ಕಿಂತ ದೊಡ್ಡ ಕಟ್ಟಳೆ ಇನ್ನೊಂದಿತ್ತು: ಸುರು ಮಾಡಿದ ಕಥೆಯನ್ನು ಅರ್ಧಕ್ಕೆ ಬಿಟ್ಟು ಏಳಬಾರದು. ಬಿಟ್ಟರೆ ಒಳಗಿನವರು ಇದ್ದಲ್ಲೇ ನಿಂತಿರುತ್ತಾರೆ, ಅವರಿಗೆ ನೆಲೆ ಸಿಗುವುದಿಲ್ಲ.

ಆ ಸಂಜೆ ನಾವು ದಿನವೂ ತಿರುಗುವ ಜಾಗಕ್ಕೆ, ನನ್ನ ಹಳೆಯ ಅಕ್ಕಿ ಗಿರಣಿಯ ಗೇಟಿಗೆ ಬಂದಾಗ ನಾಲ್ಕು ಮಂದಿ ಅಣ್ಣಂದಿರು ಮನೆ ಮುಟ್ಟಿದ್ದರು. ಐದನೆಯವನು ಕಾಡಿನಲ್ಲಿದ್ದ.

"ತಿರಗೂಣು," ಎಂದೆ.

"ಐದನ್ಯಾವ ಕಾಡಿನ್ಯಾಗ ನಿಂತಾನಲ್ರಿ. ಮಳೀ ಬ್ಯಾರೆ ಬರಾಕತ್ತೇತಿ ಅಂದ್ರಿ. ಅಂವನ ಅಲ್ಲೇ ಬಿಟ್ಟು ಮನಿಗೆ ಹ್ಯಾಂಗ ಹೋಗೂದು?"

"ಹೋಗ್ತಾ ಹೇಳ್ತೇನಿ."

"ಹೋಗೂ ದಾರ್ಯಾಗ ಏಳೂ ಮಂದಿ ಮುಗೀತಾರೇನು? ಉಸಿರು ಐತಿಲ್ಲೋ? ಐತಿ. ಮಾತು ಸರಾಗ ಬರಾಕತ್ತಾವು. ನಡೀರಿ ಸ್ವಲ್ಪ ಮುಂದ."

ನನಗೂ ಬೇಕಾಗಿತ್ತು. ಗಿರಣಿ ದಾಟಿದೆವು. ಮಾತು ನಿಜವಾಗಿಯೂ ಸರಾಗವಾಗಿ ಬರುತ್ತಿತ್ತು. ಕಥೆ ಒಳ್ಳೆಯ ಜಾಗದಲ್ಲಿದ್ದಾಗ ಹೇಳುವವನಿಗೆ ದಣಿವು ಗೊತ್ತಾಗುವುದಿಲ್ಲ, ಕೇಳುವವರಿಗೂ ಗೊತ್ತಾಗುವುದಿಲ್ಲ. ಆರನೆಯವನು ಹಳ್ಳ ಹಾಯ್ದ. ಏಳನೆಯವನು ಸಂತೆಯ ಬಯಲಿನ ಆಚೆ ತುದಿಯಲ್ಲಿ ಜೋಕಾಲಿ ಕಟ್ಟಿ ತಂಗಿಯನ್ನು ಕೂಡಿಸಿದ. ಹೆಂಡತಿ ಕಣ್ಣೊರೆಸಿಕೊಂಡಳು. ಕಥೆ ಮುಗಿಯಿತು. ಆಗ ತಿರುಗಿ ನೋಡಿದೆ. ಮನೆ ಬಹಳ ದೂರವಿತ್ತು, ಎದೆಯಲ್ಲಿ ಏನೂ ಉಳಿದಿರಲಿಲ್ಲ.

ಬಯಲಿನ ಅಂಚಿನ ಒಂದು ಅಂಗಡಿಯ ಕಟ್ಟೆಯ ಮೇಲೆ ಕೂತೆ. ಹತ್ತಿರದಲ್ಲೆಲ್ಲೋ ಹೊಟ್ಟು ಸುಡುತ್ತಿದ್ದರು, ಅದರ ಹೊಗೆ ನೆಲದ ಮೇಲೆ ಹರಿದು ಬರುತ್ತಿತ್ತು. ಪಂಪು ಎಳೆದೆ, ಮತ್ತೆ ಎಳೆದೆ. ಹೆಂಡತಿ ಬೆನ್ನು ಸವರುತ್ತ, "ಮಾತಾಡ್ರಿ, ಏನರೆ ಮಾತಾಡ್ರಿ," ಎನ್ನುತ್ತಿದ್ದಳು. ಒಂದು ಅಕ್ಷರವೂ ಹೊರಡಲಿಲ್ಲ. ಆಟೋದಲ್ಲಿ ಮನೆಗೆ ಬಂದೆವು. ಬೆಳಗಾಗುವುದರೊಳಗೆ ಜ್ವರ, ಕಫ. ಮತ್ತೆ ಹಾಸಿಗೆ.

ಹಾನಗಲ್ಲಿಗೆ ಹೋದಾಗ ಡಾಕ್ಟರಬಾಯಿ ಎದೆಯ ಮೇಲೆ ಕೊಳವೆ ಇಟ್ಟು ಕೇಳಿ, ಎಷ್ಟು ನಡೆದಿರಿ ಎಂದರು.

"ಏಳು ಅಣ್ಣಂದಿರಷ್ಟುರಿ," ಎಂದೆ ಕಷ್ಟಪಟ್ಟು.

ಹೆಂಡತಿ ಬಿಡಿಸಿ ಹೇಳಿದಳು. ಹೇಳಿ, "ಅರ್ಧ ಕಥಿ ಬಿಡಬಾರದ್ರಿ ಬಾಯಾರ, ಅದಕ್ಕ ಹಿಂಗಾತು," ಎಂದು ಸೇರಿಸಿದಳು.

"ಅರ್ಧ ಕಥಿ ಬಿಟ್ರ ನಡೀತೈತ್ರಿ ಅಮ್ಮಾರ, ಅರ್ಧ ದಾರ್ಯಾಗ ಗಂಡನ್ನ ಬಿಡಬಾರದು," ಎಂದರು ಡಾಕ್ಟರಬಾಯಿ. ನಗುವನ್ನು ತಡೆದುಕೊಂಡದ್ದು ಕಾಣುತ್ತಿತ್ತು. ಆಮೇಲೆ ನನ್ನ ಕಡೆಗೆ ತಿರುಗಿ ನಿಧಾನವಾಗಿ ಹೇಳಿದರು. "ಹೋಗೂದು ಅರ್ಧಾ ನಡಿಗಿ ಕಾಕಾರ, ಬರೂದು ಇನ್ನರ್ಧ. ನೀವು ಹೋಗೂದಕ್ಕಷ್ಟ ಉಸಿರು ಒಯ್ದಿರಿ. ದಣಿಯೂಕಿಂತ ಮೊದಲ ತಿರಗಬೇಕು. ಟೀವಿಯಾಗ ಧಾರಾವಾಹಿ ನೋಡ್ತೀರಿಲ್ಲೋ? ಇವತ್ತು ಬಾಗಲಾ ಬಡೀತಾರ, ಬಡದವರು ಯಾರಂತ ನಾಳೆ ತೋರಸ್ತಾರ. ಹಂಗ ಹೇಳ್ರಿ."

"ಪಂಚಮಿ ಸಮೀಪ ಬಂತಲ್ರಿ ಬಾಯಾರ."

"ಬರಲಿ. ಜ್ವರಾ ಇಳಿದ ಮ್ಯಾಲ ಮಂಚದ ಸುತ್ತ ನಡೀರಿ. ಈ ಬ್ಯಾನಿ ಇದ್ದವರು ಮತ್ತ ಮತ್ತ ಮೊದಲಿಂದ ಸುರು ಮಾಡಬೇಕಾಗತೈತಿ. ಅದಕ್ಕ ನಾಚಬ್ಯಾಡ್ರಿ. ಹೋದ ಸಲಕ್ಕಿಂತ ಲಗೂ ಏಳ್ತೀರಿ."

ಮಂಚದ ಸುತ್ತ ನಡೆದೆ. ಆಮೇಲೆ ಪಡಸಾಲೆ, ಆಮೇಲೆ ಹೊಸ್ತಿಲು. ಮಳೆ ಸುರುವಾಗಿತ್ತು. ಹುಣಸೆಮರದ ಬಳಿ ಮತ್ತೆ ನಿಂತ ದಿನ ನನಗೆ ಅಳು ಬಂತು ಎಂದರೆ ಸುಳ್ಳಲ್ಲ. ಮಾಘದಲ್ಲಿ ನಿಂತ ಜಾಗದಲ್ಲೇ ಜ್ಯೇಷ್ಠದಲ್ಲೂ ನಿಂತಿದ್ದೆ.

ಅರ್ಧ ಕಥೆಗೆ ಉಪಾಯ ಹುಡುಕಿದವಳು ಹೆಂಡತಿ. ಹಿರೇಕೆರೂರಿನಲ್ಲಿ ಅವಳ ಅಜ್ಜಿ ಕಥೆಯ ನಡುವೆ ಯಾರಾದರೂ ಬಂದು ಏಳಬೇಕಾದರೆ ಸೆರಗಿನ ತುದಿಗೆ ಗಂಟು ಹಾಕಿ ಏಳುತ್ತಿದ್ದಳಂತೆ. ಗಂಟಿನೊಳಗೆ ಕಥೆ ಇರುತ್ತದೆ, ಒಳಗಿನವರಿಗೆ ಅದೇ ಮನೆ. ನಾವೂ ಹಾಗೇ ಮಾಡಿದೆವು. ಉಸಿರು ಇನ್ನೂ ಇದೆ ಎನ್ನುವಾಗಲೇ ನಾನು ನಿಲ್ಲುತ್ತಿದ್ದೆ, ಅವಳು ಸೆರಗಿಗೆ ಗಂಟು ಹಾಕುತ್ತಿದ್ದಳು. ಬರುವ ದಾರಿಯಲ್ಲಿ ಕಥೆ ಇಲ್ಲ, ಬರೀ ಉಸಿರು. ಒಂದು ದಿನ ಓಣಿಯ ಹೆಣ್ಣುಮಗಳೊಬ್ಬಳು ಆ ಗಂಟನ್ನು ನೋಡಿ ಕೇಳಿದಳು.

"ಏನಬೇ, ಸೆರಗಿನ್ಯಾಗ ರೊಕ್ಕಾ ಕಟಗೊಂಡು ಅಡ್ಡಾಡಾಕತ್ತೀ?"

"ರೊಕ್ಕಾ ಅಲ್ಲಬೇ. ಮೂರನೇ ಅಣ್ಣ ಅದಾನ ಒಳಗ."

ಆಕೆ ಒಂದು ಕ್ಷಣ ನನ್ನ ಹೆಂಡತಿಯ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಪಾಪ, ಬೇನೆ ಇಬ್ಬರಿಗೂ ಹತ್ತಿದೆ ಎಂದುಕೊಂಡಿರಬೇಕು. ಲಗುಬಗೆಯಿಂದ ಒಳಗೆ ಹೋದಳು.

ಡಾಕ್ಟರಬಾಯಿ ಹೇಳಿದ್ದು ನಿಜವಾಯಿತು. ಈ ಸಲ ಹಿಟ್ಟಿನ ಗಿರಣಿ ಬೇಗ ಬಂತು. ಏರಿ ಹತ್ತುವುದನ್ನು ಕಲಿಯಲೆಂದು ಮಳೆಯ ದಿನಗಳಲ್ಲಿ ಮನೆಯ ಕಟ್ಟೆಯ ಮೆಟ್ಟಿಲನ್ನು ಹತ್ತಿ ಇಳಿದೆ. ಗೋಡೆ ಹಿಡಿದು ಒಂದು ಹತ್ತುವುದು, ನಿಲ್ಲುವುದು, ಇಳಿಯುವುದು. "ಹೊಸಾ ಸೊಸಿ ಬಂದಂಗಾತು, ಒಳಗ ಬರೂದೋ ಬ್ಯಾಡೋ ಅಂತ," ಎಂದು ಹೆಂಡತಿ ಒಳಗಿನಿಂದಲೇ ನಗುತ್ತಿದ್ದಳು.

ನಾಗರ ಅಮಾವಾಸ್ಯೆಯ ಮರುದಿನ ಹೊರಟೆ. ಒಬ್ಬನೇ. ಮಗ ಬರುತ್ತೇನೆಂದ, ಬೇಡವೆಂದೆ. ಹೆಂಡತಿ ಉಂಡಿ ಕಟ್ಟುತ್ತಿದ್ದಳು. ಬೆಲ್ಲದ ಪಾಕದ ಕೈಯಲ್ಲೇ ಹೊರಗೆ ಬಂದು ಪಂಪು ಅಂಗಿಯ ಕಿಸೆಯಲ್ಲಿದೆಯೇ ಎಂದು ಮುಟ್ಟಿ ನೋಡಿದಳು. ಕಿಸೆಗೆ ಬೆಲ್ಲ ಹತ್ತಿತು. "ಲಗೂ ಬರ್ರಿ ಅನ್ನಂಗಿಲ್ಲ. ಸಾವಕಾಶ ಬರ್ರಿ," ಎಂದಳು.

ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ ಬಂಕಾಪುರದ ಮೇಲೆ ಸವಣೂರಿಗೆ ಬಂದೆ. ಜಿಟಿಜಿಟಿ ಮಳೆ. ಪೇಟೆಯಲ್ಲಿ ಕಡಾಯಿಯಿಂದ ಆಗ ತಾನೇ ತೆಗೆದ ಖಾರದ ವಾಸನೆ. ಮೊದಲೆಲ್ಲ ಇಲ್ಲಿ ನಿಂತು ಒಂದು ಪೊಟ್ಟಣ ಕಟ್ಟಿಸಿ ಅರ್ಧ ದಾರಿಯಲ್ಲೇ ಖಾಲಿ ಮಾಡುತ್ತಿದ್ದೆ. ಈ ಸಲ ಎಣ್ಣೆಯ ಹೊಗೆಗೆ ಹೆದರಿ ಆಚೆಯಿಂದ ಹಾಯ್ದೆ. ಆಟೋದವನು ಏರಿಯ ಬುಡಕ್ಕೆ ಬಿಟ್ಟು ಹೋದ.

ಏರಿ ಮೊದಲಿಗಿಂತ ಎತ್ತರವಾಗಿತ್ತು. ಹಾಗೆ ಕಂಡಿತು. ಕೊಡೆಯನ್ನು ಊರಿ ಹತ್ತಿದೆ. ನಾಲ್ಕು ಹೆಜ್ಜೆ, ನಿಲುಗಡೆ, ತುಟಿ ಸಣ್ಣ ಮಾಡಿ ಉಸಿರು. ಮತ್ತೆ ನಾಲ್ಕು. ಮೇಲೆ ಬಂದಾಗ ಎಡಕ್ಕೆ ಕೆರೆಯ ಮೇಲೆ ಮಳೆಹನಿಯ ಚುಕ್ಕೆ, ಬಲಕ್ಕೆ ಕೆಳಗೆ ತೋಟಗಳು. ನುಗ್ಗೆ, ಚೊಗಚೆ ಗಿಡಗಳಿಗೆ ಹಬ್ಬಿದ ಎಲೆಬಳ್ಳಿಯ ಕಪ್ಪು ಹಸಿರು. ತೂಬಿನ ಕಲ್ಲಿನ ಮೇಲೆ ಕೂತುಬಿಟ್ಟೆ. ಎಲೆಯ ಹೊರೆ ಹೊತ್ತ ಒಬ್ಬ ಮನುಷ್ಯ ಎದುರಿಗೆ ಬಂದ.

"ದೂರ ಹೊಂಟ್ರ್ಯಾ ಯಜಮಾನ್ರ?"

"ಇಲ್ಲೇ... ತಂಗಿ..." ಮುಂದಿನ ಮಾತು ಬರಲಿಲ್ಲ. ಕೈ ಮಾಡಿ ತೋಟದ ಕಡೆ ತೋರಿಸಿದೆ.

"ಹಾಂ, ಪಂಚಮಿಗೆ ಕರ್ಯಾಕ ಬಂದೀರಿ. ಯಾಕ್ರಿ, ದಮ್ಮು ಐತೇನು? ಕುಂದರ್ರಿ ಇಲ್ಲೇ. ನಾ ಹೋಗಿ ಹೇಳ್ತೇನಿ, ಅವರಽ ಚೀಲಾ ತಗೊಂಡು ಬರ್ತಾರ."

ಹೊರೆ ಹೊತ್ತುಕೊಂಡೇ ಅವನು ತಿರುಗಿದ. ಒಳ್ಳೆಯ ಮನುಷ್ಯ. ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನನಗೆ ಕೂತಲ್ಲಿಂದ ತಂಗಿಯ ಮನೆಯ ಹೊಗೆ ಕಾಣಿಸುತ್ತಿತ್ತು, ಕೂಗಿದರೆ ಕೇಳುವಷ್ಟು ಹತ್ತಿರವೆನಿಸುತ್ತಿತ್ತು. ಕೂಗಲು ಉಸಿರಿರಲಿಲ್ಲ. ನಾನು ಅವನ ತೋಳು ಹಿಡಿದೆ.

"ಬ್ಯಾಡ್ರಿ. ಬಾಗಲಿಗೆ ನಾನಽ ಹೋಗಬೇಕು."

ಅವನು ನನ್ನನ್ನು ನೋಡಿ, ಏನೋ ತಿಳಿದವನಂತೆ ತಲೆಯಾಡಿಸಿ ಹೋದ. ನಾನು ಬಹಳ ಹೊತ್ತು ಕೂತೆ. ಮಳೆ ನಿಂತಿತು. ಎದೆಯ ಸೀಟಿ ಸಣ್ಣದಾಯಿತು. ಎದ್ದೆ. ಏರಿಯನ್ನು ಇಳಿದು, ಅಂಚಿನಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಾಗ ಮಣ್ಣು ತಣ್ಣಗಿತ್ತು. ಬಳ್ಳಿಗಳ ನಡುವಿನ ಆ ನೆರಳಿನಲ್ಲಿ ಗಾಳಿಯೂ ಮೆತ್ತಗಾಗಿರುತ್ತದೆ. ಅಲ್ಲಿ ನನಗೆ ನಡೆಯುವುದು ಸುಲಭವಾಯಿತು.

ತಂಗಿ ಕಟ್ಟೆಯ ಮೇಲೆ ಎಲೆ ಜೋಡಿಸಿ ಕಟ್ಟು ಕಟ್ಟುತ್ತಿದ್ದಳು. ತಲೆಯೆತ್ತಿದಳು. ಓಡಿ ಬರಲಿಲ್ಲ, ಅಳಲಿಲ್ಲ. ಕೈಯಲ್ಲಿದ್ದ ಎಲೆಯನ್ನು ಸರಿಯಾಗಿ ಜೋಡಿಸಿಟ್ಟು ಎದ್ದಳು.

"ಯಾಕ ಇಷ್ಟು ತಡಾ ಮಾಡಿದಿ? ರೊಟ್ಟಿ ಆರಿದ್ವು."

ನಾನು ಒಂದು ಕೈ ಎತ್ತಿದೆ, ತಡಿ ಎನ್ನುವಂತೆ. ಅವಳು ನೀರಿನ ತಂಬಿಗೆ ತಂದು ನನ್ನ ಮುಂದಿಟ್ಟು, ನನ್ನ ಉಸಿರು ತಿರುಗುವವರೆಗೆ ಪಕ್ಕದಲ್ಲಿ ಕೂತಳು. ಒಳಗಿನ ಮೂಲೆಯಲ್ಲಿ ಕಟ್ಟಿ ಇಟ್ಟ ಚೀಲ ಕಾಣುತ್ತಿತ್ತು. ಅವಳ ಗಂಡ ಅದನ್ನು ನೋಡಿ ಮೆಲ್ಲಗೆ ಹೇಳಿದ. "ಹೋದ ವರ್ಷಾನೂ ಹಿಂಗಽ ಕಟ್ಟಿ ಇಟ್ಟಿದ್ಲರಿ. ಪಂಚಮಿ ಮುಗದು ಭಾಳ ದಿನಾ ಆದ ಮ್ಯಾಲ ಬಿಚ್ಚಿದ್ಲು."

"ಸುಮ್ನಿರ್ರಿ ನೀವು. ಎಲ್ಲಾನೂ ಹೇಳಬೇಕೇನು?" ಎಂದಳು ತಂಗಿ, ಬೆನ್ನು ತಿರುಗಿಸಿಕೊಂಡು.

"ಪಂಚಮಿ ಬಂತು. ನಡಿಯವಾ, ಊರಿಗೆ ಹೋಗೂಣು," ಎಂದೆ. ಆ ಒಂದು ಮಾತನ್ನು ತುಂಡಾಗದೆ ಹೇಳುವಷ್ಟು ಉಸಿರು ಆಗ ಬಂದಿತ್ತು.

ಏರಿಯ ಮೇಲೆ ಅವಳು ಚೀಲ ಹೊತ್ತು ಅಭ್ಯಾಸದಂತೆ ಮುಂದೆ ಮುಂದೆ ಹೋದಳು. ನಡುವೆ ನಿಂತಳು. ಈ ಸಲ ಕೂಗಲಿಲ್ಲ. ನಾನು ಬರುವವರೆಗೆ ಕೆರೆ ನೋಡುತ್ತ ನಿಂತಿದ್ದು, ಆಮೇಲೆ ನನ್ನ ಹಿಂದೆ ನಡೆದಳು. ಆ ಪಂಚಮಿಗೆ ಓಣಿಯ ಹುಣಸೆಮರಕ್ಕೆ ಕಟ್ಟಿದ ಜೋಕಾಲಿಯಲ್ಲಿ, ಮೊಮ್ಮಕ್ಕಳನ್ನು ಕಂಡ ನನ್ನ ತಂಗಿ ನಿಂತು ಜೀಕಿದಳು. ತೂಗಿದವಳು ನನ್ನ ಹೆಂಡತಿ. ನಾನು ಕಟ್ಟೆಯ ಮೇಲೆ ಕೂತು ಉಂಡಿ ತಿಂದೆ.

ಆ ವರ್ಷದ ಮಾರ್ಗಶಿರದ ಚಳಿಗೆ ನನ್ನ ದಮ್ಮು ಮತ್ತೆ ಕೆರಳಿತು. ಮಗ ಸವಣೂರಿಗೆ ಫೋನಿನಲ್ಲಿ ಸುದ್ದಿ ಹೇಳಿದ, ಅಷ್ಟೇ. ಮರುದಿನ ಮಧ್ಯಾಹ್ನದ ಬಸ್ಸಿಗೆ ತಂಗಿ ಬಂದಳು. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಎಲೆಯ ಕಟ್ಟು. ಅವ್ವನ ಮಾತಿನಂತೆ ಹೋಗಿ ಕರೆಯಬೇಕಾಗಿದ್ದ ನಾನು ಮಂಚದ ಮೇಲಿದ್ದೆ, ಕರೆಯಲು ಯಾರೂ ಹೋಗಿರಲಿಲ್ಲ. ನನ್ನ ಹೆಂಡತಿ ತಂಬಿಗೆಯಲ್ಲಿ ನೀರು ಕೊಟ್ಟಳು. ಅವಳು ಕಾಲು ತೊಳೆದುಕೊಂಡು, ಹೊಸ್ತಿಲು ದಾಟಿ ಒಳಗೆ ಬಂದು ನನ್ನ ಮಂಚದ ಮಗ್ಗುಲಲ್ಲಿ ಕೂತಳು.